ತಲೆಕೆಳಗಾದ ಸೂರ್ಯ

ಅವತ್ತು ನಮ್ಮ ಚಿಕ್ಕಪ್ಪನ ಕಿರಿಮಗಳು ಷರಟಿನ ಕಾರ್ಖಾನೆಯಿಂದ ಹೊರಬಿದ್ದಾಗ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ದಿನವಿಡೀ ಗುಂಡಿ ಹೊಲಿಯುವ ಯಂತ್ರದ ಮುಂದೆ ಕೂತವಳು. ಕಿವಿಯಲ್ಲಿ ಇನ್ನೂ ಟಕಟಕ ಅನ್ನುತ್ತಿತ್ತು. ಕತೆ ಅಂತ ಕೇಳಬೇಡಿ ಮತ್ತೆ, ಇದು ನಡೆದದ್ದು. ನಿವೃತ್ತಿಯಾದ ಮೇಲೆ ನನ್ನ ಬಾಯಿ ಸ್ವಲ್ಪ ಸಡಿಲವಾಗಿದೆ ಅಂತ ಮನೆಯವರು ಹೇಳುತ್ತಾರೆ, ನಿಜ. ಆದರೆ ಇದರಲ್ಲಿ ನಾನು ಒಂದು ಎಳೆಯನ್ನೂ ಸೇರಿಸಿಲ್ಲ.

ದಾರಿಯಲ್ಲಿ ಒಂದು ಹಾಳುಬಾವಿ. ಯಾರೂ ಬೀಳದಿರಲಿ ಅಂತ ತಗಡಿನ ಮುಚ್ಚಳ ಹಾಕಿ ಬೀಗ ಜಡಿದಿದ್ದರು. ಅವಳು ಅದನ್ನು ದಾಟುತ್ತಿದ್ದಾಗ...

ಸರ್.

ನಿಂತಳು. ಒಣ ಎಲೆಯಿರಬೇಕು.

ಸರ್... ಟಪ್.

ಒಣ ಎಲೆ ಹಾಗೆ ಸದ್ದು ಮಾಡುವುದಿಲ್ಲ. ತಗಡಿನ ಮೇಲೆ ಯಾರೋ ಇಸ್ಪೀಟು ಹಾಕಿದಂತಿತ್ತು. ಆಮೇಲೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರದಿಂದ, ಒಂದು ಪಿಸುಮಾತು.

“ಹೋಗ್ಲಾ?”

ಆ ದನಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಅವಳ ಅಕ್ಕನದು. ಅಕ್ಕ ತೀರಿಕೊಂಡು ಆಗಲೇ ಒಂದು ತಿಂಗಳ ಮೇಲಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಅಕ್ಕ ಭವಿಷ್ಯ ಹೇಳುವ ಟ್ಯಾರೋ ಕಾರ್ಡು ಓದುತ್ತಿದ್ದಳು. ಸಂಜೆಯಾದರೆ ಮುಂಭಾಗದ ಕೋಣೆಯಲ್ಲಿ ಮೇಜು, ಎದುರುಬದುರು ಎರಡು ಕುರ್ಚಿ, ನಡುವೆ ಎಪ್ಪತ್ತೆಂಟು ಕಾರ್ಡಿನ ಕಟ್ಟು. ಇಸ್ತ್ರಿ ಅಂಗಡಿಯವಳಿಂದ ಹಿಡಿದು ಹಲ್ಲಿನ ಡಾಕ್ಟರ ಹೆಂಡತಿಯವರೆಗೆ ಎಲ್ಲರೂ ಬರುವವರೇ. ಓದುವುದನ್ನು ತಂಗಿಗೂ ಅವಳೇ ಕಲಿಸಿದ್ದು.

“ನೋಡೇ ಪೆದ್ದಿ, ದೊಡ್ಡ ಕಾರ್ಡು ಇಪ್ಪತ್ತೆರಡು. ಇವು ಬದುಕಿನ ದೊಡ್ಡ ತಿರುವು. ಉಳಿದದ್ದೆಲ್ಲ ಬಟ್ಟಲು, ಕತ್ತಿ, ಕೋಲು, ನಾಣ್ಯ, ದಿನದಿನದ ಗೋಳು. ಕೇಳೋರು ಕಣ್ಣು ಮುಚ್ಚಿ ಪ್ರಶ್ನೆ ನೆನೀಬೇಕು, ಎಡಗೈಯಲ್ಲಿ ಕಟ್ಟನ್ನ ಎರಡು ಮಾಡ್ಬೇಕು. ಮೂರು ಕಾರ್ಡು ಹಾಕು. ಮೊದಲನೇದು ಆದದ್ದು, ಎರಡನೇದು ಆಗ್ತಿರೋದು, ಮೂರನೇದು ಮುಂದಿಂದು.”

“ಸಾವಿನ ಕಾರ್ಡ್ ಬಂದ್ರೆ?”

“ಬಂದ್ರೇನು, ಹೆಣ ಬೀಳುತ್ತಾ? ಒಂದು ಮುಗೀತು, ಇನ್ನೊಂದು ಶುರು ಅಂತ ಅಷ್ಟೇ. ಭಯಪಡ್ಬೇಕಾದ್ದು ಅದಕ್ಕಲ್ಲ. ಕಾರ್ಡು ನಿನ್ನ ಕಡೆಗೆ ನೇರ ಬಿದ್ರೆ ಒಂದು ಅರ್ಥ, ತಲೆಕೆಳಗು ಬಿದ್ರೆ ಅದೇ ಮಾತು ಕೆಟ್ಟು ಹೋಯ್ತು ಅಂತ. ಅದಕ್ಕೇ ಮಗುಚುವಾಗ ಪುಸ್ತಕದ ಹಾಳೆ ಹಾಗೆ ಪಕ್ಕಕ್ಕೆ ತಿರುಗಿಸ್ಬೇಕು. ಡಬ್ಬಿ ಮುಚ್ಚಳ ಹಾಗೆ ಕೆಳಗಿಂದ ಮೇಲಕ್ಕೆ ಎತ್ತಿದ್ಯೋ, ನೇರ ಇದ್ದದ್ದು ತಲೆಕೆಳಗಾಗತ್ತೆ. ಅದು ಓದಲ್ಲ, ದ್ರೋಹ.”

ಓದುವವರು ತಮ್ಮ ಪ್ರಶ್ನೆಗೆ ತಾವೇ ಕಾರ್ಡು ಹಾಕಿಕೊಳ್ಳಬಾರದು, ಆಸೆ ಕಣ್ಣಿಗೆ ಅಡ್ಡ ಬರುತ್ತದೆ ಅನ್ನುವುದು ಅಕ್ಕನ ಕಟ್ಟುನಿಟ್ಟು. ಹಾಗಾಗಿ ಒಂದು ಸಂಜೆ ಅವಳು ಎದುರಿನ ಕುರ್ಚಿಯಲ್ಲಿ, ಕೇಳುವವರ ಕುರ್ಚಿಯಲ್ಲಿ, ಬಂದು ಕೂತಳು. ಬೀದಿ ಮೂಲೆಯ ಗಡಿಯಾರ ರಿಪೇರಿಯವನು ಬೇರೆ ಊರಿಗೆ ಹೊರಟಿದ್ದ. ಜೊತೆಗೆ ಬಾ, ಮದುವೆಯಾಗೋಣ ಅಂದಿದ್ದ. ಒಳಗೆ ಚಿಕ್ಕಪ್ಪ ಲಕ್ವ ಹೊಡೆದು ಮಲಗಿದ್ದರು. ಮಲಗಿದಲ್ಲಿಂದಲೇ ಬೈಗುಳ.

“ಹೋಗ್ಲಾ?” ಅಂತ ಕೇಳಿ ಅಕ್ಕ ಕಣ್ಣು ಮುಚ್ಚಿದಳು.

ತಂಗಿ ಮೊದಲ ಕಾರ್ಡು ತಿರುಗಿಸಿದಳು. ಸರ್. ಎರಡನೆಯದು. ಸರ್. ಮೂರನೆಯದರ ಮೂಲೆ ಎತ್ತಿ ಕದ್ದು ನೋಡಿದಳು. ಸೂರ್ಯ. ನಗುವ ಮಗು, ಬಿಳಿ ಕುದುರೆ, ಹೂವು. ಇಡೀ ಕಟ್ಟಿನಲ್ಲಿ ಅದಕ್ಕಿಂತ ಸುಖದ ಕಾರ್ಡಿಲ್ಲ. ಹಾಳೆಯಂತೆ ತಿರುಗಿಸಿದರೆ ನೇರ ಬೀಳುತ್ತಿತ್ತು. ಒಳಗಿಂದ ಚಿಕ್ಕಪ್ಪ “ಯಾರ್ರೇ ಅಲ್ಲಿ, ಸತ್ರೇನೇ?” ಅಂತ ಕೂಗಿದರು. ಇನ್ನು ಈ ಮಂಚ, ಈ ಬೈಗುಳ, ಈ ಮನೆ ಎಲ್ಲಾ ತನ್ನೊಬ್ಬಳ ಕೊರಳಿಗೆ...

ಟಪ್.

“ಸೂರ್ಯ,” ಅಂದಳು. “ತಲೆಕೆಳಗು.”

ಅಕ್ಕ ಕಣ್ಣು ತೆರೆದು ಕಾರ್ಡನ್ನು ನೋಡಿದಳು. ತಂಗಿಯ ಮುಖ ನೋಡಿದಳು. “ಸರಿ ಬಿಡು,” ಅಂದು ಎದ್ದು ಅಪ್ಪನಿಗೆ ನೀರು ಕೊಡಲು ಹೋದಳು.

ಗಡಿಯಾರದವನು ಹೋದ. ಅಕ್ಕ ಉಳಿದಳು. ಚಿಕ್ಕಪ್ಪ ಸತ್ತ ಮೇಲೂ ಉಳಿದಳು. ಒಂದೇ ಒಲೆ, ಒಂದೇ ಮೇಜು, ಮಾತು ಮಾತ್ರ ಲೆಕ್ಕದ್ದು. ಹೊಸ ಸೀರೆ ಉಟ್ಟರೆ “ಯಾರಿಗೆ ತೋರ್ಸೋಕೆ?” ಅಂತ ತನಗೆ ತಾನೇ ಅಂದು ಬಿಚ್ಚಿಡುತ್ತಿದ್ದಳು. ತಂಗಿ ಏನಾದರೂ ಒಳ್ಳೆಯದು ಮಾಡಿ ಬಡಿಸಿದರೆ “ಸಾಕು, ನೀನು ಕೊಟ್ಟದ್ದೇ ಬೇಕಾದಷ್ಟಿದೆ,” ಅನ್ನುತ್ತಿದ್ದಳು. ಅದು ಬರೀ ಮಾತೋ, ಚುಚ್ಚುಮಾತೋ? ಅಕ್ಕನಿಗೆ ಗೊತ್ತಿತ್ತೋ, ಇಲ್ಲವೋ? ಇದೊಂದೇ ಪ್ರಶ್ನೆ ತಂಗಿಯನ್ನು ಒಳಗೊಳಗೇ ತಿಂದು ಹಾಕಿತು. ಕಣ್ಣು ಮುಚ್ಚಿದ್ದಳು, ಗೊತ್ತಿರಲಾರದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಕೇಳುವ ಧೈರ್ಯ ಬರುವುದರೊಳಗೆ ಅಕ್ಕನೇ ಹೋಗಿಬಿಟ್ಟಳು.

ಬಾವಿಯ ಹತ್ತಿರ, ಆ ಸದ್ದು ಕೇಳಿದಾಗಲೇ, ಅವಳಿಗೆ ಹೊಳೆದದ್ದು. ಹಾಳೆಯಂತೆ ತಿರುಗಿಸಿದರೆ ಸರ್. ಮುಚ್ಚಳದಂತೆ ಎತ್ತಿದರೆ ಟಪ್. ಅಕ್ಕ ಮುಚ್ಚಿದ್ದು ಕಣ್ಣನ್ನು... ಕಿವಿಯನ್ನಲ್ಲ.

ಮನೆಗೆ ಓಡಿದಳು. ದೀಪ ಹಾಕಿದಳು. ತಗಡಿನ ಡಬ್ಬಿಯಿಂದ ಕಟ್ಟು ತೆಗೆದು, ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟು, “ಬಾ ಅಕ್ಕ. ಈ ಸಲ ಸರಿಯಾಗಿ ಓದ್ತೀನಿ,” ಅಂದಳು. ಕಣ್ಣು ಮುಚ್ಚಿದಳು.

ಏನೂ ಇಲ್ಲ... ನಲ್ಲಿಯಿಂದ ಒಂದು ಹನಿ... ಆಮೇಲೆ ಮರದ ಮೇಲೆ ಏನೋ ಉಜ್ಜಿದ ಸದ್ದು, ಕರ್ರ್.

ಕಣ್ಣು ತೆರೆದಳು. ಕಟ್ಟು ಎರಡಾಗಿತ್ತು. ಮೇಲಿನ ಅರ್ಧ ಕುರ್ಚಿಯ ಎಡಗೈ ಕಡೆಗಿತ್ತು.

ಮೂರು ಕಾರ್ಡು ಬೋರಲು ಹಾಕಿದಳು. ಮೊದಲನೆಯದನ್ನು ಹಾಳೆಯಂತೆ ತಿರುಗಿಸಿದಳು. ಮೂರು ಕತ್ತಿ ಚುಚ್ಚಿದ ಎದೆ. ಆದದ್ದು. ಎರಡನೆಯದು, ಕಣ್ಣಿಗೆ ಬಟ್ಟೆ ಕಟ್ಟಿ ಕತ್ತಿಗಳ ನಡುವೆ ನಿಂತ ಹೆಂಗಸು. ಆಗುತ್ತಿರುವುದು. ಮೂರನೆಯದರ ಮೂಲೆ ಎತ್ತಿ ನೋಡಿದಳು. ಸೂರ್ಯನೇ! ಹಾಳೆಯಂತೆ ತಿರುಗಿಸಿದರೆ ನೇರ. ಅವಳಿಗೆ ಅಳುವೇ ಬಂತು. ಪಕ್ಕದ ಅಂಚಿಗೆ ಬೆರಳು ತಾಗಿಸಬೇಕು ಅನ್ನುವಷ್ಟರಲ್ಲಿ...

ಕಾರ್ಡಿನ ಕೆಳ ಅಂಚು ತಾನಾಗಿ ಮೇಲೆದ್ದಿತು. ಮೆಲ್ಲಗೆ. ಮುಚ್ಚಳ ಎತ್ತಿದ ಹಾಗೆ.

ಟಪ್.

ಸೂರ್ಯ ತಲೆಕೆಳಗಾಗಿ ಬಿದ್ದಿದ್ದ.

“ಅಕ್ಕ, ಅದು ನೇರಾನೇ ಇತ್ತು! ಅವತ್ತೂ ನೇರಾನೇ ಇತ್ತು. ಹೋಗು ಅಕ್ಕ... ಹೋಗು.”

ಆಮೇಲೆ ಎದುರಿನ ಕುರ್ಚಿಯಿಂದ, ಬೇಸರವೂ ಇಲ್ಲದ, ಸಿಟ್ಟೂ ಇಲ್ಲದ ದನಿ:

“ತಲೆಕೆಳಗಿದೆಯಲ್ಲೇ... ಹೇಗ್ ಹೋಗ್ಲಿ?”

ಇಷ್ಟನ್ನು ಮಾರನೆಯ ದಿನ ನಾನು ಮನೆಗೆ ಹೋದಾಗ ಅವಳೇ ನನ್ನ ಮುಂದೆ ಹೇಳಿದ್ದು. ನಾನು ಕಾಲೇಜು ಮೆಟ್ಟಿಲು ಹತ್ತಿದವನು, ಸುಮ್ಮನೆ ಹೂಂ ಅನ್ನುವ ಗಿರಾಕಿಯಲ್ಲ. ಆ ಮೂರು ಕಾರ್ಡು ಇನ್ನೂ ಮೇಜಿನ ಮೇಲೆ ಹಾಗೇ ಇದ್ದವು. “ನಿನ್ನ ಭ್ರಮೆ ಕಣಮ್ಮಾ,” ಅಂದು ಸೂರ್ಯನನ್ನು ನನ್ನ ಕೈಯಾರೆ ನೇರ ಮಾಡಿದೆ. ಅದರ ನಡುವೆ ನನ್ನ ಕನ್ನಡಕದ ಡಬ್ಬಿ ಅಡ್ಡಲಾಗಿ ಇಟ್ಟೆ. ಮಗುವಿನ ತಲೆ ಡಬ್ಬಿಯ ಆಚೆಗೆ, ಕುದುರೆಯ ಕಾಲು ಈಚೆಗೆ ಕಾಣುತ್ತಿದ್ದವು. ಇಬ್ಬರೂ ಅಡುಗೆಮನೆಗೆ ಹೋಗಿ ಟೀ ಕುಡಿದೆವು. ಮನೆಯಲ್ಲಿ ಮೂರನೆಯವರಿರಲಿಲ್ಲ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ನಾನು ಟೀ ಮುಗಿಸಿ ಎದ್ದಾಗ ಅವಳು “ನೋಡ್ಬೇಡ ಅಣ್ಣ,” ಅಂದಳು.

ನೋಡಿದೆ. ಕುದುರೆಯ ಕಾಲು ಆಚೆಗಿತ್ತು, ಮಗುವಿನ ತಲೆ ಈಚೆಗೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಕಣ್ಣಾರೆ ಕಂಡದ್ದು... ಡಬ್ಬಿ ಮಾತ್ರ ಇಟ್ಟಲ್ಲೇ ಇತ್ತು.