ಕೆಳಗಿನ ಹಿಡಿ

ಗೊರೂರಿನಿಂದ ಬರೋ ಕೊನೇ ಬಸ್ಸು ದೇವಯ್ಯನನ್ನ ಕಟ್ಟೆಕೊಪ್ಪಲು ಗೇಟಿನಲ್ಲಿ ಇಳಿಸಿದಾಗ ಒಂಬತ್ತೂವರೆ ದಾಟಿತ್ತು. ಗೇಟಿನಿಂದ ಊರಿಗೆ ಒಂದು ಮೈಲಿ. ನಡುವೆ ಪಟೇಲರ ಕಪಿಲೆ ಬಾವಿ. ಇದು ಅರವತ್ತೊಂಬತ್ತನೇ ಇಸವಿ ಮಾತು. ಊರೊಳಕ್ಕೆ ಇನ್ನೂ ಕರೆಂಟು ಬಂದಿರಲಿಲ್ಲ. ದೇವಯ್ಯನ ಮನೆಗೂ ನಮ್ಮ ದೊಡ್ಡಮ್ಮನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಹಾಗಾಗಿ ಯಾರೋ ಹೇಳಿದ್ದನ್ನ ಯಾರೋ ಕೇಳಿ ಬಂದ ಸಂಗತಿ ಇದಲ್ಲ.

ಅವನು ಬೆಳಿಗ್ಗೆಯಿಂದ ಗೊರೂರಿನ ಹೊಸ ಕ್ವಾರ್ಟರ್ಸ್ ಹತ್ರ ಸೆಂಟ್ರಿಂಗ್ ಹಲಗೆ ಹೊಡೆದಿದ್ದ. ಭುಜ ಎರಡೂ ಸತ್ತುಹೋಗಿದ್ದವು. ಖಾಲಿ ಊಟದ ಡಬ್ಬಿ ಕೂಡ ಭಾರ ಅನ್ನಿಸಿ, ಹತ್ತು ಹೆಜ್ಜೆಗೊಮ್ಮೆ ಕೈ ಬದಲಾಯಿಸ್ತಾ ಬರ್ತಿದ್ದ.

ಬಾವಿ ಹತ್ರ ಬಂದಾಗ ಸದ್ದು ಕೇಳಿಸ್ತು.

ಸುಯ್ಯ್... ಖರ್ರ್... ಸುಯ್ಯ್... ಖರ್ರ್...

ಮೊದಲು ಕಪಿಲೆ ಗಾಲಿ ಅಂದ್ಕೊಂಡ. ಆದರೆ ಎತ್ತಿಲ್ಲ, ಮಿಣಿ ಹಗ್ಗ ಇಲ್ಲ, ಆ ಹೊತ್ತಿನಲ್ಲಿ ನೀರೆತ್ತೋರು ಯಾರು? ನಿಂತು ಕೇಳಿದ. ಸದ್ದು ಬಾವಿಯದಲ್ಲ, ಊರ ಕಡೆಯಿಂದ ಬಂದು ಬಾವಿಯೊಳಗೆ ಮೊಳಗ್ತಿತ್ತು. ಆಮೇಲೆ ಅದೇನಂತ ಗೊತ್ತಾಯ್ತು. ಇಪ್ಪತ್ತೆರಡು ವರ್ಷ ಕೇಳಿದ ಸದ್ದು, ಗೊತ್ತಾಗದೆ ಇರುತ್ತಾ? ದೊಡ್ಡ ಗರಗಸ ಮೇಲಕ್ಕೆ ಹೋಗುವಾಗ ಹಲ್ಲು ಮರವನ್ನ ಬರೀ ಸವರುತ್ತೆ, ಅದು ಸುಯ್ಯ್. ಕೆಳಕ್ಕೆ ಎಳೆದಾಗ ಕಚ್ಚುತ್ತೆ, ಅದು ಖರ್ರ್. ಒಬ್ಬನೇ ಎಳೆದರೆ ಆ ಎರಡನೇ ಸದ್ದು ನಡುವೆ ಮುರಿಯುತ್ತೆ. ಇದು ಮುರೀತಿರಲಿಲ್ಲ. ಇಬ್ಬರು ಹಿಡಿದ ಗರಗಸ.

ಸುತ್ತ ನಾಲ್ಕು ಊರಲ್ಲಿ ಅಂಥ ಗರಗಸ ಇದ್ದದ್ದು ಒಂದೇ. ಅದು ದೇವಯ್ಯನ ಹಿತ್ತಲಲ್ಲಿತ್ತು.

ಅವನು ಓಡಲಿಲ್ಲ. ಓಡೋಕೆ ಕಾಲಲ್ಲಿ ಏನೂ ಉಳಿದಿರಲಿಲ್ಲ. ಅದೇ ನಡಿಗೆಯಲ್ಲಿ ಬಂದು ಹಿತ್ತಲ ತಡಿಕೆ ಸರಿಸಿದ. ಸದ್ದು ನಿಂತಿತು... ಸುಣ್ಣದಂಥ ಬೆಳದಿಂಗಳು. ಗುಂಡಿ ಮೇಲೆ ಅಡ್ಡ ಮಲಗಿದ್ದ ದಿಮ್ಮಿ. ಅದರಲ್ಲಿ ನೆಟ್ಟಗೆ ನಿಂತ ಗರಗಸ. ಯಾರೂ ಇಲ್ಲ. ಹತ್ರ ಹೋಗಿ ಕುಯ್ದ ಗೀಟನ್ನ ಬೆರಳಲ್ಲಿ ಅಳೆದು ನೋಡಿದ. ಹಿಂದಿನ ರಾತ್ರಿ ಬಿಟ್ಟಲ್ಲೇ ಇತ್ತು, ಒಂದು ನೂಲೂ ಮುಂದೆ ಹೋಗಿರಲಿಲ್ಲ. ಆದರೆ ಗರಗಸದ ತಗಡು ಮುಟ್ಟಿದರೆ ಬಿಸಿ.

"ಯಾರಾದ್ರೂ ಬಂದಿದ್ರಾ?" ಅಂತ ಹೆಂಡತಿ ಸುವರ್ಣಮ್ಮನ್ನ ಕೇಳಿದ.

"ಈ ವತ್ನಲ್ಲಿ ಯಾರ್ ಬತ್ತಾರೆ? ಕೈ ತೊಳ್ಕಳಿ, ಮುದ್ದೆ ಆರೋಗದೆ."

ಅವನು ಉಂಡು ಮಲಗಿದ.

ಆ ದಿಮ್ಮಿ ಯಾಕೆ ಅಲ್ಲಿತ್ತು ಅನ್ನೋದನ್ನ ಈಗಲೇ ಹೇಳಿಬಿಡಬೇಕು. ದೇವಯ್ಯ, ಬೋರಪ್ಪ ಇಬ್ಬರೂ ಜೊತೆಗೆ ಮರ ಕುಯ್ಯೋರು. ಕೊಣನೂರು, ಅರಕಲಗೂಡು, ಆಚೆ ಸಕಲೇಶಪುರದ ತೋಟಗಳು... ಎಲ್ಲಿ ಮರ ಬಿತ್ತೋ ಅಲ್ಲಿ ಗುಂಡಿ ತೋಡಿ, ಮೇಲೆ ದಿಮ್ಮಿ ಇಟ್ಟು ಕುಯ್ಯೋದು. ಒಬ್ಬ ದಿಮ್ಮಿ ಮೇಲೆ ನಿಲ್ಲಬೇಕು, ಗೆರೆ ನೋಡೋನು ಅವನೇ. ಇನ್ನೊಬ್ಬ ಗುಂಡಿಯೊಳಗೆ ನಿಂತು ಕೆಳಗಿನ ಹಿಡಿ ಎಳೀಬೇಕು. ಮರದ ಹೊಟ್ಟು ಪೂರ್ತಿ ಅವನ ತಲೆ ಮೇಲೆ. ಇಪ್ಪತ್ತೆರಡು ವರ್ಷ ಮೇಲೆ ನಿಂತೋನು ದೇವಯ್ಯ. ಕೆಳಗೆ ನಿಂತೋನು ಬೋರಪ್ಪ.

ವರ್ಷಕ್ಕೊಂದು ಸಲ, ಹೊಸ ದಿಮ್ಮಿ ಏರಿಸುವಾಗ, ಬೋರಪ್ಪ ಕೇಳ್ತಿದ್ದ. "ದೇವಣ್ಣ, ಇದೊಂದ್ಕೆ ನಾ ಮ್ಯಾಕೆ ನಿಂತ್ಕತೀನಿ ಕಣ." ದೇವಯ್ಯನ ಉತ್ತರವೂ ಒಂದೇ. "ಗೆರೆ ತಪ್ಪೋಯ್ತದೆ ಕಣ್ಲಾ. ನಿನ್ ಕಣ್ಣು ನೆಟ್ಗಿಲ್ಲ." ಬೋರಪ್ಪ ಮರುಮಾತಾಡದೆ ತಲೆಗೆ ಬಟ್ಟೆ ಸುತ್ತಿಕೊಂಡು ಇಳೀತಿದ್ದ. ಕೊನೇ ಸಲ ಇಳಿದದ್ದು ಸಕಲೇಶಪುರದ ಒಂದು ಹಲಸಿನ ದಿಮ್ಮಿಗೆ. ಕೊನೇ ಎರಡು ವರ್ಷ ಕೆಮ್ಮು ಹಿಡಿದು, ಮೂಳೆ ಚಕ್ಕಳ ಆಗಿ, ಹಿಂದಿನ ಮಾಘದಲ್ಲಿ ತೀರಿಕೊಂಡ.

ಅವನು ಹೋದ ಮೇಲೆ ದೇವಯ್ಯನಿಗೆ ಊರೂರು ಅಲೆಯೋದು ಸಾಕಾಯ್ತು. ಇನ್ನು ಮನೆಯಲ್ಲೇ ಕೂತು ಬಾಗಿಲು, ಕಿಟಕಿ, ಮಂಚ ಮಾಡೋಣ ಅಂತ ಹಿತ್ತಲಲ್ಲಿ ಒಂದು ಗುಡಿಸಲು ಹಾಕಿದ. ಹಳೇ ಗಾಡಿಯ ಮೂಕಿಮರ ಸೀಳಿ, ಎದೆಮಟ್ಟಕ್ಕಿಂತ ಒಂದು ಗೇಣು ತಗ್ಗಿಗೆ ಕೆಲಸದ ಮೇಜು ಕಟ್ಟಿದ. ಗೋಡೆಗೆ ಗೂಟ ಹೊಡೆದು ಉಳಿ, ಬಾಚಿ, ಕೊಡತಿ ನೇತುಹಾಕಿದ. ಉಜ್ಜುಗೊರಡಿನ ಹಳೇ ಮರ ಸೀಳು ಬಿಟ್ಟಿತ್ತು, ಹೊಸದು ಕಡೆದು ಅಲಗು ಕೂರಿಸಿದ. ಸಾಣೆಕಲ್ಲಿಗೆ ಬಾಗಿಲ ಹತ್ರ ಬೆಳಕಿರೋ ಜಾಗ. ಇಷ್ಟು ಮಾಡೋಕೆ ನಾಲ್ಕು ತಿಂಗಳು ಹಿಡೀತು, ಯಾಕಂದ್ರೆ ಹಗಲೆಲ್ಲ ಗೊರೂರಿನ ಕೂಲಿ, ಮನೆ ಕೆಲಸಕ್ಕೆ ಉಳಿಯೋದು ರಾತ್ರಿ ಎರಡು ಗಂಟೆ ಹೊತ್ತು.

ಮೊದಲ ಕೆಲಸ ಕೊಟ್ಟೋರು ಹೊಳೆನರಸೀಪುರದ ಜವಳಿ ಅಂಗಡಿ ನೇಮಿರಾಜಯ್ಯ. ಹೊಸ ಮನೆಗೆ ತಲೆಬಾಗಿಲು, ಅದರ ವಾಡ, ಅಂದ್ರೆ ಚೌಕಟ್ಟು. ಕರಿಮತ್ತಿ ದಿಮ್ಮಿಯನ್ನ ಅವರೇ ಗಾಡಿಯಲ್ಲಿ ಕಳಿಸಿದರು. "ಮಿಷನ್ನಿಗೆ ಹಾಕಬೇಡ ದೇವಯ್ಯ. ನೀನು, ಬೋರಪ್ಪ ಕುಯ್ದ ಹಲಗೆ ನಮ್ಮ ತಂದೆಯವರ ಮನೇಲಿ ಇವತ್ತಿಗೂ ಹಾಗೇ ಇದೆ. ಕೈಯಲ್ಲೇ ಆಗಲಿ" ಅಂದರು. ಬೋರಪ್ಪ ಇಲ್ಲ ಅಂತ ಹೇಳೋಕೆ ದೇವಯ್ಯನಿಗೆ ಬಾಯಿ ಬರಲಿಲ್ಲ. ಈ ಬಾಗಿಲು ಚೆನ್ನಾಗಿ ಕೂತರೆ ಅವರ ನೆಂಟರಿಷ್ಟರ ಕೆಲಸವೆಲ್ಲ ಇವನಿಗೇ. ಇಲ್ಲದಿದ್ದರೆ ಐವತ್ತರ ವಯಸ್ಸಲ್ಲಿ ಮತ್ತೆ ಸೆಂಟ್ರಿಂಗ್ ಹಲಗೆ ಹೊರಬೇಕು, ಬೆನ್ನು ಬೀಳೋವರೆಗೂ.

ಹಿತ್ತಲಲ್ಲೇ ಗುಂಡಿ ತೋಡಿದ. ಜೊತೆಗೆ ಪಕ್ಕದ ಕೇರಿ ಚನ್ನಪ್ಪನನ್ನ ಕರೆದ. ಚನ್ನಪ್ಪ ಎರಡು ರಾತ್ರಿ ಎಳೆದು, "ಇದು ಮರ ಅಲ್ಲ, ಕಬ್ಬುಣ" ಅಂತ ಕೈ ಮುಗಿದು ಹೋದ. ಆಮೇಲೆ ದೇವಯ್ಯ ಕೆಳಗಿನ ಹಿಡಿಗೆ ಒಂದು ರುಬ್ಬುಗುಂಡು ಕಟ್ಟಿ ತಾನೊಬ್ಬನೇ ಕುಯ್ಯೋಕೆ ಶುರುಮಾಡಿದ. ಕಲ್ಲಿನ ಭಾರ ಗರಗಸವನ್ನ ಕೆಳಕ್ಕೆ ಎಳೀತಿತ್ತು, ಅದನ್ನ ಮೇಲಕ್ಕೆ ಎತ್ತೋಕೆ ಇವನ ಜೀವ ಹೋಗ್ತಿತ್ತು. ರಾತ್ರಿಗೆ ನಾಲ್ಕು ಬೆರಳು. ಗೃಹಪ್ರವೇಶಕ್ಕೆ ಇಪ್ಪತ್ತು ದಿನ ಉಳಿದಿತ್ತು.

ಬಾವಿ ಹತ್ರ ಸದ್ದು ಕೇಳಿದ್ದು ಆಗ.

ಮಾರನೇ ರಾತ್ರಿ ಲಾಟೀನು ಹಚ್ಚಿ ದಿಮ್ಮಿ ಹತ್ತಿದ. ಮೂರು ಎಳೆತ ಎಳೆದ. ನಾಲ್ಕನೆಯದಕ್ಕೆ ಗರಗಸ ತಾನಾಗೇ ಮೇಲಕ್ಕೆ ಬಂತು... ಹಗುರವಾಗಿ, ಕೆಳಗಿನಿಂದ ಯಾರೋ ನೂಕಿಕೊಟ್ಟ ಹಾಗೆ. ಆಮೇಲೆ ಕೆಳಕ್ಕೆ ಎಳೆಯಿತು. ಖರ್ರ್... ಅಂತ, ಉದ್ದಕ್ಕೆ. ಆ ಎಳೆತ ಅವನ ಅಂಗೈಗೆ ಗೊತ್ತಿತ್ತು. ಕೊನೆಯಲ್ಲಿ ಸ್ವಲ್ಪ ಎಡಕ್ಕೆ ತಿರುಚೋ ಎಳೆತ ಅದು.

ಬೇರೆ ಯಾರಾದರೂ ಆಗಿದ್ದರೆ ದಿಮ್ಮಿಯಿಂದ ಹಾರಿ ಓಡ್ತಿದ್ದರು. ದೇವಯ್ಯ ಕಣ್ಣು ಮುಚ್ಚಿಕೊಂಡ. ಅಷ್ಟು ದಿನದಿಂದ ಉರೀತಿದ್ದ ಭುಜಕ್ಕೆ ಮೊದಲನೇ ಸಲ ಸುಖ ಸಿಕ್ಕಿತ್ತು. ಕೆಳಗೆ ಬಗ್ಗಿ ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತೆ ಅನ್ನೋ ಭಯ ಒಂದೇ ಇದ್ದದ್ದು. ಲಾಟೀನಿನ ಎಣ್ಣೆ ಮುಗಿಯೋವರೆಗೂ ಎಳೆದ.

ಬೆಳಿಗ್ಗೆ ಸುವರ್ಣಮ್ಮ ಡಬ್ಬಿ ಕಟ್ತಾ ಕೇಳಿದಳು. "ರಾತ್ರಿ ಯಾರ್ನ ಕರ್ಕಬಂದಿದ್ರಿ?"

"ಯಾರ್ನೂ ಇಲ್ಲ."

"ಇಬ್ರು ಎಳ್ಯೋ ಸದ್ದು ಬತ್ತಿತ್ತು. ನಂಗೇಳಿದ್ರೆ ಅವ್ರಿಗೂ ಒಂದ್ ಮುದ್ದೆ ಇಕ್ತಿದ್ನಲ್ಲ."

ದೇವಯ್ಯ ಡಬ್ಬಿ ತಗೊಂಡು ಬಸ್ಸಿಗೆ ಹೋದ.

ಹೀಗೇ ಮೂರು ರಾತ್ರಿ. ವಾಡಕ್ಕೆ ಬೇಕಾದ ತೊಲೆಗಳು ಬಂದವು, ಹಲಗೆ ಎರಡು ಬಂದವು. ಉಳಿದದ್ದು ನಡುವಿನ ದೊಡ್ಡ ಹಲಗೆ, ಬಾಗಿಲಿನ ಎದೆ ಆಗಬೇಕಾದ್ದು. ಕರಿನೀರಲ್ಲಿ ಅದ್ದಿದ ನೂಲು ಹೊಡೆದು ಗೆರೆ ಹಾಕಿದ. ಗರಗಸಕ್ಕೆ ಅರ ಹಿಡಿದ. ದಿಮ್ಮಿ ಹತ್ತಿ ನಿಂತ.

ಆ ರಾತ್ರಿ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಒಂದು ಮೊಳದಷ್ಟು ಕುಯ್ದಿರಬೇಕು. ಗರಗಸ ಗಕ್ಕನೆ ನಿಂತಿತು. ಕೆಳಗಿನಿಂದ ಕೆಮ್ಮು... ಕೊಕ್ಕ್... ಕೊಕ್ಕ್... ಆಮೇಲೆ ಪಿಸುಮಾತು. ಅಷ್ಟು ಹತ್ತಿರ, ಕಾಲಬುಡದಲ್ಲೇ.

"ದೇವಣ್ಣ... ಇವತ್ತು ನೀ ಕೆಳಿಕ್ ಬಾ."

ದೇವಯ್ಯನ ಬಾಯಿಗೆ ಬಂದದ್ದು ಇಪ್ಪತ್ತೆರಡು ವರ್ಷ ಆಡಿದ ಮಾತೇ.

"ಗೆರೆ ತಪ್ಪೋಯ್ತದೆ ಕಣ್ಲಾ, ಬೋರ."

ಮೇಲಿನ ಹಿಡಿ ಎತ್ತಿದ, ಬರಲಿಲ್ಲ. ಅದುಮಿದ, ಇಳಿಯಲಿಲ್ಲ. ಮರದೊಳಗೆ ಬೆಳೆದುಬಂದಿರೋ ಹಾಗೆ ಗರಗಸ ಕಚ್ಚಿಕೊಂಡಿತ್ತು. ತಡಿಕೆ ಸರಿಸಿ ಮನೆಯೊಳಕ್ಕೆ ಹೋಗಬಹುದಿತ್ತು, ಸುವರ್ಣಮ್ಮನ್ನ ಏಳಿಸಬಹುದಿತ್ತು. ಅವನು ದಿಮ್ಮಿ ಮೇಲೆ ಕೂತ. ಎಷ್ಟು ಹೊತ್ತು ಕೂತಿದ್ದ ಅಂತ ಅವನಿಗೇ ಗೊತ್ತಿಲ್ಲ. ನೇಮಿರಾಜಯ್ಯನ ಬಾಗಿಲು ನೆನಪಾಗಲಿಲ್ಲವಂತೆ. ಬೋರಪ್ಪ ಒಂದೊಂದು ಸಲವೂ ಕೇಳಿ, ಸುಮ್ಮನಾಗಿ, ಬಟ್ಟೆ ಸುತ್ತಿಕೊಂಡು ಇಳಿಯುತ್ತಿದ್ದದ್ದು ನೆನಪಾಯ್ತಂತೆ. ಅವನ ಕಣ್ಣು ನೆಟ್ಟಗಿಲ್ಲ ಅಂತ ತನಗೆ ಹೇಳಿದೋರು ಯಾರು? ಯಾರೂ ಹೇಳಿರಲಿಲ್ಲ.

ಹೆಗಲ ಮೇಲಿದ್ದ ಬಿಳೀ ವಲ್ಲಿಯನ್ನ ತಲೆಗೆ ಸುತ್ತಿಕೊಂಡು ಗುಂಡಿಗೆ ಇಳಿದ.

ಒಳಗೆ ಯಾರೂ ಇರಲಿಲ್ಲ. ಹಿಡಿಗೆ ಕಟ್ಟಿದ್ದ ಗುಂಡುಕಲ್ಲು ಬಿಚ್ಚಿ, ಒಂದು ಮೂಲೆಗೆ ಸರಿಸಿಟ್ಟಿತ್ತು. ದೇವಯ್ಯ ಕೆಳಗಿನ ಹಿಡಿ ಹಿಡಿದ. ಮೇಲೆ ದಿಮ್ಮಿ ಕಿರ್ರ್ ಅಂತು... ಆಳು ಹತ್ತಿ ನಿಂತಾಗ ಅನ್ನೋ ಹಾಗೆ. ಆಮೇಲೆ ಗರಗಸ ಮೇಲಕ್ಕೆ ಹೋಯ್ತು.

ಸುಯ್ಯ್... ಇವನು ಎಳೆದ. ಖರ್ರ್...

ಹೊಟ್ಟು ಸುರೀತು. ರೆಪ್ಪೆ ಮೇಲೆ, ಮೂಗಿನೊಳಗೆ, ನಾಲಿಗೆ ಮೇಲೆ. ತಲೆ ಎತ್ತೋ ಹಾಗಿಲ್ಲ, ಎತ್ತಿದರೆ ಕಣ್ಣು ಹೋಗುತ್ತೆ. ಮೇಲೆ ನಿಂತೋನ ಮುಖ ಕೆಳಗಿನೋನಿಗೆ ಯಾವತ್ತೂ ಕಾಣಲ್ಲ. ಆ ಸಂಗತಿ ದೇವಯ್ಯನಿಗೆ ತಿಳಿದದ್ದು ಅವತ್ತೇ.

ಸೊಂಟ ಹಿಡಿಯಿತು. ಲಾಟೀನು ಆರಿತು. ಕತ್ತಲಲ್ಲಿ ಗೆರೆ ಹೇಗೆ ಕಾಣುತ್ತೆ ಅಂತ ಯೋಚನೆ ಬಂತು, ಕೇಳಲಿಲ್ಲ. ಒಂದು ಸಲ ಮಾತ್ರ, ಇನ್ನು ಕೈಲಾಗಲ್ಲ ಅನ್ನಿಸಿದಾಗ, ಮೆಲ್ಲಗೆ ಅಂದ.

"ಬೋರ... ಸಾಕೇನ್ಲಾ?"

ಮೇಲಿನಿಂದ ಬಂತು, ಬೇಸರ ಇಲ್ಲ, ಸಿಟ್ಟಿಲ್ಲ.

"ಇನ್ನೊಂದ್ ಗೇಣು ಅದೆ."

ಬೆಳಿಗ್ಗೆ ಸಗಣಿ ಎತ್ತೋಕೆ ಬಂದ ಸುವರ್ಣಮ್ಮ ಗಂಡನನ್ನ ಕಂಡದ್ದು ಗುಂಡಿಯೊಳಗೆ. ಗೋಡೆಗೆ ಒರಗಿ ಕೂತು ನಿದ್ದೆ ಮಾಡ್ತಿದ್ದ. ಮೈ ತುಂಬ ಹೊಟ್ಟು. ಅವಳು ಕೂಗಲಿಲ್ಲ. ಇಳಿದು, ಮುಖ ಒರೆಸಿ, ಉಸಿರು ನೋಡಿ, ಆಮೇಲೆ ನಮ್ಮ ದೊಡ್ಡಮ್ಮನ್ನ ಕರೆದಳು. ಇಬ್ಬರೂ ಸೇರಿ ಮೇಲೆತ್ತಿದರು.

ಹಲಗೆ ಪೂರ್ತಿ ಕುಯ್ದು ಬಿದ್ದಿತ್ತು. ದೇವಯ್ಯ ಒಂದು ಚೊಂಬು ನೀರು ಕುಡಿದು, ಮಟ್ಟಗೋಲು ತಂದು ಹಲಗೆ ಮೇಲಿಟ್ಟ. ಈ ತುದಿಯಿಂದ ಆ ತುದಿವರೆಗೆ ಸರಿಸಿದ. ತಿರುಗಿಸಿ ಮತ್ತೆ ಇಟ್ಟ. ಗೋಲಿಗೂ ಮರಕ್ಕೂ ನಡುವೆ ಕೂದಲು ತೂರೋಷ್ಟು ಸಂದಿರಲಿಲ್ಲ. ಅವನೇ ಮೇಲೆ ನಿಂತು ಕುಯ್ದ ಹಿಂದಿನ ಎರಡು ಹಲಗೆಯಲ್ಲಿ ನಡುವೆ ಸಣ್ಣ ಡೊಂಕಿತ್ತು, ಉಜ್ಜಿ ಸರಿಮಾಡಬೇಕಿತ್ತು. ಇದರಲ್ಲಿ ಅದೂ ಇಲ್ಲ.

ಹಲಗೆ ಪಕ್ಕದಲ್ಲೇ ನೆಲದ ಮೇಲೆ ಕೂತ.

"ಅವ್ನ ಕಣ್ಗೆ ಏನೂ ಆಗಿರ್ನಿಲ್ಲ ಕಣೆ" ಅಂದ.

ಅವತ್ತು ಅವನು ಗೊರೂರಿನ ಬಸ್ಸು ಹಿಡೀಲಿಲ್ಲ. ಬಾಗಿಲು ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಹೊಳೆನರಸೀಪುರ ಸೇರಿತು. ನೇಮಿರಾಜಯ್ಯ ಬೋರಪ್ಪನ ವಿಚಾರ ಕೇಳಿದಾಗ, "ಅವ್ನೇ ಕುಯ್ದಿದ್ದು ಸಾ" ಅಂದನಂತೆ, ಅಷ್ಟೇ. ಅಲ್ಲಿಂದ ಮುಂದೆ ಕೆಲಸಕ್ಕೆ ಬರ ಬರಲಿಲ್ಲ. ಗುಂಡಿ ಮುಚ್ಚಿಸಿದ, ಹಲಗೆಯನ್ನ ಹಾಸನದ ಮಿಷನ್ನಿಂದ ತರಿಸ್ತಿದ್ದ. ದೊಡ್ಡ ಗರಗಸವನ್ನ ಮತ್ತೆ ಮುಟ್ಟಲಿಲ್ಲ.

ಇದನ್ನೆಲ್ಲ ದಣಿವಿನ ಭ್ರಮೆ ಅಂತ ತಳ್ಳಿಹಾಕೋರಿದ್ದಾರೆ. ನಿದ್ದೆಗೆಟ್ಟ ಮನುಷ್ಯ, ತಾನೇ ಹೇಗೋ ಕುಯ್ದುಕೊಂಡ ಅಂತಾರೆ. ಇರಲಿ. ಕರಿಮತ್ತಿ ಹೊಟ್ಟು ಕಡುಕಂದು, ಹೆಚ್ಚುಕಡಿಮೆ ಕಾಫಿಪುಡಿ ಬಣ್ಣ. ಗುಂಡಿಯ ನೆಲದ ಮೇಲೆ ಬಿದ್ದಿದ್ದದ್ದು ಅದೇ. ದೇವಯ್ಯನ ತಲೆ ಮೇಲೆ, ಹೆಗಲ ಮೇಲೆ, ಆ ಬಿಳೀ ವಲ್ಲಿ ಮೇಲೆ ಇದ್ದದ್ದು ಹಳದಿ ಹೊಟ್ಟು. ಹಲಸಿನ ಮರದ್ದು. ಅವನ ಹಿತ್ತಲಲ್ಲಿ, ಗುಡಿಸಲಲ್ಲಿ, ಆ ಕೇರಿಯಲ್ಲೇ ಹಲಸಿನ ಒಂದು ಚೂರೂ ಇರಲಿಲ್ಲ. ಸುವರ್ಣಮ್ಮ ವಲ್ಲಿಯನ್ನ ಸೋಡ ಹಾಕಿ ಮೂರು ಸಲ ಬೇಯಿಸಿದಳು, ಬಣ್ಣ ಬಿಡಲಿಲ್ಲ. ಮನೇಲಿಟ್ಕೊಳ್ಳೋಕೆ ಮನಸ್ಸಾಗದೆ ನಮ್ಮ ದೊಡ್ಡಮ್ಮನಿಗೆ ಕೊಟ್ಟಳು, ಅವರ ಮನೆ ಬಟ್ಟೆ ಗಳುವಿನ ಮೇಲೆ ಅದು ಎಷ್ಟೋ ವರ್ಷ ನೇತಾಡ್ತಿತ್ತು. ಕೈಯಲ್ಲಿ ಹಿಡಿದು ನೋಡಿದ್ದೀನಿ. ಹಳದಿನೇ.