ಮುಚ್ಚಿದ ಬಾವಿಯ ಕಟ್ಟೆಯಿಂದ ಬಂದ ಮಾತು

ನಗಬೇಡಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡೋಳು. ಹೆದರಿಕೆ ಅಂದ್ರೆ ಏನಂತ ಗೊತ್ತಿಲ್ಲ. ಮನೆಯಲ್ಲೆಲ್ಲ ಅವಳನ್ನ ಗಟ್ಟಿಗಿತ್ತಿ ಅಂತಲೇ ಕರೆಯೋದು.

ಅವತ್ತು ಪಾಳಿ ಮುಗಿಸಿ ಹೊರಟಾಗ ಹನ್ನೊಂದು ದಾಟಿತ್ತು. ಆಸ್ಪತ್ರೆ ಹಿಂದಿನ ದಾರಿಯಲ್ಲಿ ಒಂದು ಹಳೇ ಬಾವಿ. ಚಪ್ಪಡಿ ಎಳೆದು ಮುಚ್ಚಿ ಎಷ್ಟೋ ವರ್ಷ ಆಗಿದೆ. ಅದರ ಹತ್ತಿರ ಬಂದಾಗ...

ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಅಲ್ಲಿ ರಾಟೆಯೂ ಇಲ್ಲ, ಹಗ್ಗವೂ ಇಲ್ಲ. ಆಮೇಲೆ, ಕೊಡ ನೀರಿಗೆ ಬಿದ್ದ ಹಾಗೆ... ಗುಳುಂ.

ಕಟ್ಟೆ ಮೇಲೆ ಯಾರೋ ಹೆಂಗಸು. ಬೆನ್ನು ತಿರುಗಿಸಿ ಕೂತಿದ್ದಳು.

"ಯಾರಮ್ಮಾ ಅದು?"

"ಚೂರು ಚೂರಾಗಿವೆ..." ಪಿಸುದನಿ. "ಕಣ್ಣಿಟ್ಟು ನೋಡು ತಾಯಿ."

"ಏನನ್ನ?"

"ಬಾಣಂತಿ ರಕ್ತಾನ."

ಗಟ್ಟಿಗಿತ್ತಿ ತಲೆ ತಗ್ಗಿಸಿ ನೆನಪು ಮಾಡಿಕೊಂಡಳು. ಸಂಜೆ ಒಬ್ಬ ಬಾಣಂತಿಯ ರಕ್ತ ಬಂದಿದ್ದು ನಿಜ. ಕಾಲಿನ ತುಂಬ ನೇರಳೆ ಚುಕ್ಕೆ, ಪ್ಲೇಟ್‌ಲೆಟ್ ಬರೀ ಒಂಬತ್ತು ಸಾವಿರ. ಹೆತ್ತ ಕೂಸನ್ನೇ "ಯಾರದಿದು?" ಅಂತ ಕೇಳ್ತಿದ್ದಳಂತೆ. ಸೋಂಕು ಅಂದುಕೊಂಡು ಡಾಕ್ಟರು ಪ್ಲೇಟ್‌ಲೆಟ್ ಏರಿಸೋಕೆ ಬರೆದಿದ್ದರು. ಇವಳೂ ಯಂತ್ರ ಕೊಟ್ಟ ಸಂಖ್ಯೆ ಬರೆದು ಎದ್ದು ಬಂದಿದ್ದಳು. ಸ್ಲೈಡ್ ಮಾಡಿ ನೋಡಿರಲಿಲ್ಲ.

ತಲೆ ಎತ್ತಿದರೆ... ಕಟ್ಟೆ ಖಾಲಿ.

ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದಳು. ಒಂದು ತೊಟ್ಟು ರಕ್ತ ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ನೋಡಿದವಳೇ ಫೋನ್ ಎತ್ತಿದಳು.

"ಡಾಕ್ಟ್ರೇ, ಪ್ಲೇಟ್‌ಲೆಟ್ ಏರಿಸ್ಬೇಡಿ. ಕೆಂಪು ಕಣ ಒಡೆದು ಚೂರಾಗಿವೆ."

"ಎಷ್ಟು?"

"ನೋಡಿದಲ್ಲೆಲ್ಲ."

"ಪ್ಲೇಟ್‌ಲೆಟ್ ಚೀಲ ಕೈಯಲ್ಲೇ ಇತ್ತಮ್ಮ. ಕೆಳಗಿಟ್ಟೆ."

ಬೇಲಿಯೇ ಎದ್ದು ಹೊಲ ಮೇಯೋ ಕಾಯಿಲೆಯಂತೆ ಅದು. ಮೈಯ ಕಾವಲೇ ಮೈಗೆ ತಿರುಗಿ ಬಿದ್ದು, ಕೂದಲೆಳೆಯಂಥ ನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತೆ, ಅದಕ್ಕೆ ಸಿಕ್ಕಿ ಕೆಂಪು ಕಣ ಚೂರಾಗುತ್ತೆ; ಪ್ಲೇಟ್‌ಲೆಟ್ ಏರಿಸಿದ್ರೆ ಹೆಪ್ಪು ಇನ್ನೂ ಹೆಚ್ಚುತ್ತೆ. ಲಕ್ಷಕ್ಕೊಬ್ಬರಿಗೂ ಬರೋದಿಲ್ಲ, ಬಂದು ಗೊತ್ತಾಗದಿದ್ದರೆ ಉಳಿಯೋರೇ ಕಮ್ಮಿ. ಬೆಳಗಾಗೋ ಮೊದಲೇ ಬಾಣಂತಿಯ ಪ್ಲಾಸ್ಮಾ, ಅಂದ್ರೆ ರಕ್ತದ ತಿಳಿನೀರು, ತೆಗೆದು ಬೇರೆಯವರದ್ದು ತುಂಬೋಕೆ ಶುರು ಮಾಡಿದರು. ದಿನಾ ಅದೇ. ಐದನೇ ದಿನ ಅವಳು ಕೈ ಚಾಚಿ "ಕೊಡಿ, ನನ್ನ ಕೂಸು" ಅಂದಳು. ಕಾಯಿಲೆ ಯಾವಾಗ ಬೇಕಾದರೂ ಮರಳಬಹುದು ಅಂತ ಈಗಲೂ ಆಗಾಗ ಪರೀಕ್ಷೆಗೆ ಬರ್ತಾಳೆ.

ಆ ಬೆಳಿಗ್ಗೆ ಗಟ್ಟಿಗಿತ್ತಿ ಸ್ಲೈಡನ್ನ ಪೆಟ್ಟಿಗೆಯಲ್ಲಿ ಎತ್ತಿಡೋಕೆ ಹೋದರೆ, ಬಾಣಂತಿಯ ನಂಬರಿನದೇ ಇನ್ನೊಂದು ಸ್ಲೈಡ್ ಅಲ್ಲೇ ಇತ್ತು. ಬಣ್ಣ ಹಾಕಿ, ಒಣಗಿಸಿದ್ದು; ಇವಳಿಗಿಂತ ಮೊದಲೇ ಯಾರೋ ನೋಡಿಟ್ಟಿದ್ದರು. ಲ್ಯಾಬಿನಲ್ಲಿರೋದು ನಾಲ್ಕೇ ಜನ. ಸ್ಲೈಡಿಗೆ ಅಂಟಿಸಿದ ಚೀಟಿ ಮೇಲಿನ ಕೈಬರಹ ನಾಲ್ವರದ್ದೂ ಅಲ್ಲ. ನಾನೇ ಹೋಗಿ ನೋಡಿದೀನಿ... ದುಂಡಗಿನ ಅಕ್ಷರ, ಪೆನ್ಸಿಲಿನಲ್ಲಿ.