ಕಡಲ ಬಾಗಿಲಿಗೆ ಹೊಡೆದ ಐದು ಹಲಗೆಗಳು

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 44 ವರ್ಷ, ಉದ್ಯೋಗ ಹಳೆಯ ಕಟ್ಟಡಗಳ ದುರಸ್ತಿ ಮತ್ತು ಸಂರಕ್ಷಣೆ, ವಾಸ ಬಂದರು ರಸ್ತೆಯ ಔಷಧಿ ಅಂಗಡಿಯ ಮೇಲಿನ ಮನೆ, ಈ ದಿನ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಸ್ವಂತ ಇಚ್ಛೆಯಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸಿ ಬರೆಸುವುದೇನೆಂದರೆ:

ಇದೇ ದಿನ ಬೆಳಿಗ್ಗೆ 8 ಗಂಟೆಗೆ ನಾನು ಒಬ್ಬ ಬಡಗಿಯ ಮೇಲೆ ಇದೇ ಠಾಣೆಯಲ್ಲಿ ದೂರು ಕೊಟ್ಟಿರುತ್ತೇನೆ. ಅದರಲ್ಲಿರುವುದು ಕಣ್ಣಿಗೆ ಕಂಡ ಮಟ್ಟಿಗೆ ನಿಜ. ನಾನು ಅದಕ್ಕೆ ಕೊಟ್ಟ ಅರ್ಥ ತಪ್ಪು. ಆ ದೂರನ್ನು ತೆಗೆದುಹಾಕಬಹುದೇ ಎಂದು ಕೇಳಿದಾಗ ರೈಟರ್ ಅವರು, ಠಾಣೆ ಪುಸ್ತಕ ಅಂದ್ರೆ ಸ್ಲೇಟಲ್ಲ ಮೇಡಂ, ಬೇಕಾದಾಗ ಒರೆಸೋಕೆ, ಇನ್ನೊಂದು ಹೇಳಿಕೆ ಕೊಡಿ ಎಂದು ತಿಳಿಸಿದರು. ಆದ್ದರಿಂದ ಇದನ್ನು ಬರೆಸುತ್ತಿದ್ದೇನೆ.

ಕಡಲ ದಂಡೆಯಲ್ಲಿರುವ, ಸುಮಾರು 160 ವರ್ಷ ಹಳೆಯದಾದ ಪ್ರಯಾಣಿಕರ ತಂಗುಮನೆಯನ್ನು ದುರಸ್ತಿ ಮಾಡಿ ಜನರಿಗೆ ತೆರೆಯುವ ಕೆಲಸವನ್ನು ಅದರ ಉಸ್ತುವಾರಿ ಸಮಿತಿಯವರು ಹದಿನಾಲ್ಕು ತಿಂಗಳ ಹಿಂದೆ ನನಗೆ ವಹಿಸಿದರು. ಅದರ ಊಟದ ಕೋಣೆ ಬೀದಿಯ ಮಟ್ಟಕ್ಕಿಂತ ಎರಡು ಮೆಟ್ಟಿಲು, ಅಂದರೆ 40 ಸೆಂಟಿಮೀಟರ್ ಕೆಳಗಿದೆ. ಆ ಕೋಣೆಯಿಂದ ನೇರವಾಗಿ ಕಡಲ ಕಡೆಗೆ ಒಂದು ಬಾಗಿಲಿದೆ. ಬಾಗಿಲಿನಿಂದ ನೀರಿಗೆ ಸಾಮಾನ್ಯ ದಿನಗಳಲ್ಲಿ 31 ಮೀಟರ್ ದೂರ. ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಸಿಮೆಂಟ್ ಗೋಡೆ ಇತ್ತು. ಸಿಕ್ಕ ಅತಿ ಹಳೆಯ ಫೋಟೊದಲ್ಲಿ ಆ ಗೋಡೆ ಇಲ್ಲದ್ದರಿಂದ ಅದು ಮೂಲದ್ದಲ್ಲವೆಂದು ತೀರ್ಮಾನಿಸಿ ಒಡೆಸಿದೆ. ಗಾಲಿಕುರ್ಚಿಯವರು ಕಡಲ ಕಡೆಯಿಂದ ಸಲೀಸಾಗಿ ಒಳಬರಲೆಂದು ಅಲ್ಲಿ ಇಳಿಜಾರು ಮಾಡಿಸಿದೆ. ಈ ಎರಡು ಕಾರಣಗಳಲ್ಲಿ ನನಗೆ ಯಾವುದು ಮುಖ್ಯವಾಗಿತ್ತು ಎಂದು ಈಗಲೂ ಖಚಿತವಾಗಿ ಹೇಳಲಾರೆ. ನನ್ನ ಅಕ್ಕ ಒಂಬತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾಳೆ.

ಸದರಿ ಬಡಗಿಗೆ 63 ವರ್ಷ. ಎಲ್ಲರೂ ಬಡಗಿ ಮಾವ ಎನ್ನುತ್ತಾರೆ. ತಂಗುಮನೆ ನಡೆಯುತ್ತಿದ್ದ ಕಾಲದಿಂದಲೂ ಅಲ್ಲೇ ಕೆಲಸ ಮಾಡಿದವರು. ಗೋಡೆ ಒಡೆಯುವ ದಿನ ಅವರು ನನ್ನ ಬಳಿ ಬಂದು, ಅದನ್ನ ಸುಮ್ನೆ ಕಟ್ಟಿದ್ದಲ್ಲ ಮೇಡಂ, ಸಮುದ್ರ ಬಾಗಿಲು ತಟ್ಟಿ ಬರೋ ನೆಂಟ ಅಲ್ಲ ಎಂದರು. ದಾಖಲೆ ಇದೆಯೇ ಎಂದು ಕೇಳಿದೆ. ದಾಖಲೆ ನನ್ನ ಮೊಣಕಾಲಲ್ಲಿದೆ, ಆ ನೀರಲ್ಲಿ ನಿಂತಿದೀನಿ ಎಂದರು. ನಾನು ಇದನ್ನು ನನ್ನ ಅಳತೆಪುಸ್ತಕದಲ್ಲಿ ‘ಸ್ಥಳೀಯರ ನೆನಪು’ ಎಂದು ಬರೆದುಕೊಂಡೆ. ಗೋಡೆ ಒಡೆಯಲಾಯಿತು. ಆಗ ಬಾಗಿಲಿನ ಚೌಕಟ್ಟಿನ ಎರಡೂ ಕಡೆ ಮೇಲಿಂದ ಕೆಳಗೆ ಉದ್ದುದ್ದ ತೋಡುಗಳು (ಬಡಗಿಗಳು ಗಾಡಿ ಎನ್ನುತ್ತಾರೆ) ಕಂಡವು. ಹುಳ ತಿಂದದ್ದೆಂದು ಭಾವಿಸಿ ಸುಣ್ಣದ ಗಾರೆಯಿಂದ ಮುಚ್ಚಿಸಿದೆ.

ಪ್ರಾರಂಭೋತ್ಸವ ಈ ದಿನ ಬೆಳಿಗ್ಗೆ 11.30ಕ್ಕೆ ನಿಗದಿಯಾಗಿತ್ತು. ಫೋಟೊದಲ್ಲಿ ಸಮುದ್ರ ತುಂಬಿ ಕಾಣಲೆಂದು ಹುಣ್ಣಿಮೆಯ ಮಾರನೆಯ ದಿನ, ಉಬ್ಬರದ ಹೊತ್ತು ನೋಡಿ ನಾನೇ ಆರಿಸಿದ್ದೆ. ನಿನ್ನೆ ಸಂಜೆ 7.20ಕ್ಕೂ 7.24ಕ್ಕೂ ಬಡಗಿ ಮಾವ ಫೋನ್ ಮಾಡಿದರು. ಅತಿಥಿಗಳ ಪಟ್ಟಿ ನೋಡುತ್ತಿದ್ದುದರಿಂದ ಎರಡೂ ಸಲ ಕತ್ತರಿಸಿದೆ. ನಾಳೆ ಮಾತಾಡೋಣ ಎಂದು ಸಂದೇಶ ಕಳಿಸಿದೆ.

ಈ ದಿನ ಬೆಳಿಗ್ಗೆ 6.40ಕ್ಕೆ ನಾನು ಸ್ಥಳಕ್ಕೆ ಹೋದಾಗ ಊಟದ ಕೋಣೆಯ ಐದು ಹಳೆಯ ಬೆಂಚುಗಳ ಕಾಲುಗಳು ಕಿತ್ತು ನೆಲದ ಮೇಲೆ ಬಿದ್ದಿದ್ದವು. ಬೆಂಚುಗಳ ಹಲಗೆಗಳನ್ನು ಬಡಗಿ ಮಾವ ಕಡಲ ಬಾಗಿಲಿನ ಚೌಕಟ್ಟಿಗೆ ಹೊರಗಡೆಯಿಂದ ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದಿದ್ದರು. ಪ್ರತಿ ಬೆಂಚಿನ ಪಕ್ಕದಲ್ಲೂ ‘160 ವರ್ಷ ಹಳೆಯದು, ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕವಿತ್ತು. ನಾನು ಕೂಗಾಡಿದೆ. ಮೂವತ್ತೆಂಟು ವರ್ಷದ ಹಿಂದೆ ಇವಕ್ಕೆ ಕಾಲು ಕಟ್ಟಿದವನೂ ನಾನೇ, ಕಿತ್ತವನೂ ನಾನೇ, ಅದಕ್ಕ್ಯಾಕೆ ಇಷ್ಟು ಗಲಾಟೆ ಎಂದು ಅವರು ಕೇಳಿದರು. ಅವರ ಮೈಮೇಲೆ ಅಂಗಿ ಇರಲಿಲ್ಲ. 7.15ಕ್ಕೆ ಇಬ್ಬರು ಪೇದೆಗಳು ಬಂದರು. ಎಡಗಡೆ ಕೆಳಮೂಲೆ ಒಂದು ಬಾಕಿ ಇದೆ, ಒಂದು ತುಂಡು ಹಳೆ ಬಟ್ಟೆ ಕೊಟ್ಟು ಐದು ನಿಮಿಷ ಬಿಡಿ ಎಂದು ಅವರು ಪೇದೆಗಳನ್ನು ಕೇಳಿದರು. ಪೇದೆಗಳು ನನ್ನ ಮುಖ ನೋಡಿದರು. ಬೇಡ ಎಂದವಳು ನಾನು; ಅವರನ್ನು ಹಾಗೇ ಠಾಣೆಗೆ ಕರೆತಂದರು. ದೂರಿನಲ್ಲಿ ‘ಅಂಗಿ ಇಲ್ಲದೆ ಇದ್ದರು, ಕುಡಿದಿರುವ ಸಂಶಯವಿದೆ’ ಎಂದು ಬರೆಸಿದವಳೂ ನಾನೇ.

ಮೊಳೆಗಳ ತುದಿ ಒಳಗಡೆ ಬಗ್ಗಿಸಿ ಬಡಿದಿದ್ದರಿಂದ, ಸಮಾರಂಭದ ಮೊದಲು ಹಲಗೆ ಕೀಳುವುದು ಆಗದ ಮಾತು ಎಂದು ಗಾರೆ ಮೇಸ್ತ್ರಿ ಹೇಳಿದರು. ಅಕ್ಕನೂ ಸೇರಿ ಗಾಲಿಕುರ್ಚಿಯ ಮೂವರನ್ನು ಮೇಸ್ತ್ರಿಯ ಆಳುಗಳು ಬೀದಿಯ ಕಡೆಯಿಂದ ಎತ್ತಿ ಇಳಿಸಿದರು. ಮೂವರನ್ನೂ ಕಡಲ ಬಾಗಿಲಿನಿಂದ 2 ಮೀಟರ್ ದೂರದಲ್ಲಿ, ಮೊದಲ ಸಾಲಿನಲ್ಲಿ ಕೂರಿಸಲಾಯಿತು. ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಹಲಗೆ ತೋರಿಸ್ತಿದ್ಯಲ್ಲೇ ಎಂದು ಅಕ್ಕ ಹೇಳಿದಳು. ಕೋಣೆಯಲ್ಲಿ ಒಟ್ಟು 62 ಜನರಿದ್ದರು.

11.44ಕ್ಕೆ ಸಮಿತಿಯ ಅಧ್ಯಕ್ಷರು ಮಾತಾಡುತ್ತಿರುವಾಗ ಹೊರಗಿನಿಂದ ಹಲಗೆಗೆ ಏನೋ ಬಡಿದ ಸದ್ದಾಯಿತು. ಯಾರೋ ತಡವಾಗಿ ಬಂದಿರಬೇಕೆಂದು ಒಬ್ಬರು ನಕ್ಕರು. ಅಕ್ಕ ನನ್ನ ಕೈ ಹಿಡಿದು, ಏ, ಹಲಗೆ ಬೆವರ್ತಾ ಇದೆ ನೋಡೇ ಎಂದಳು. ಹಲಗೆಗಳ ಹೊರಬದಿ ಒಳಗಿನಿಂದ ಕಾಣದ್ದರಿಂದ ನಾನು ಮಹಡಿಗೆ ಹೋಗಿ ಕಿಟಕಿಯಿಂದ ನೋಡಿದೆ. ನಾನು ಮಾಡಿಸಿದ ಇಳಿಜಾರು ಕಾಣುತ್ತಿರಲಿಲ್ಲ. ನೀರು ಮೂರನೆಯ ಹಲಗೆಗೆ ತಾಗಿತ್ತು. ಅದು 33 ನಿಮಿಷ ಹಾಗೇ ನಿಂತಿತ್ತು. ಎಲ್ಲರನ್ನೂ ಬೀದಿಗೆ ಕಳಿಸಲಾಯಿತು, ಯಾರಿಗೂ ಏನೂ ಆಗಲಿಲ್ಲ. ಒಳಗೆ ಬಂದ ನೀರು ಎರಡು ಬಕೆಟ್. ಅಷ್ಟೂ ಎಡಗಡೆ ಕೆಳಮೂಲೆಯಿಂದ ಬಂದದ್ದು.

ನೀರು ಇಳಿದ ಮೇಲೆ ಹೊರಗೆ ಹೋಗಿ ಪರಿಶೀಲಿಸಿದೆ. ಹಲಗೆಗಳ ನಡುವಿನ ಸಂದಿಗಳಲ್ಲಿ ನೀಲಿ ಚೌಕಳಿಯ ಬಟ್ಟೆಯ ಪಟ್ಟಿಗಳನ್ನು ಬಿಗಿಯಾಗಿ ತುರುಕಲಾಗಿತ್ತು. ಒಂದು ಪಟ್ಟಿಯಲ್ಲಿ ಗುಂಡಿ ಇನ್ನೂ ಇತ್ತು. ಅದು ಬಡಗಿ ಮಾವನ ಅಂಗಿ.

ನಂತರ ನನ್ನ ಅಳತೆಪುಸ್ತಕ ತೆಗೆದು ನೋಡಿದೆ. ಪುಟ 11ರಲ್ಲಿ, ಕಡಲ ಬಾಗಿಲಿನ ಒಂದು ಗಾಡಿಯ ತಳದಿಂದ ಇನ್ನೊಂದರ ತಳಕ್ಕೆ 158 ಸೆಂಟಿಮೀಟರ್. ಪುಟ 46ರಲ್ಲಿ, ಬೆಂಚಿನ ಹಲಗೆಯ ಉದ್ದ 157. ಎರಡೂ ನನ್ನ ಕೈಬರಹ. ಅವು ಬೆಂಚುಗಳಾಗಿರಲಿಲ್ಲ. ಗಾಡಿಯೊಳಗೆ ಇಳಿಸಿ ನೀರು ತಡೆಯುವ ಹಲಗೆಗಳಾಗಿದ್ದವು. ಗೋಡೆ ಕಟ್ಟಿದ ಮೇಲೆ ಕೆಲಸವಿಲ್ಲದೆ ಬಿದ್ದ ಅವಕ್ಕೆ 38 ವರ್ಷದ ಹಿಂದೆ ಬಡಗಿ ಮಾವ ಕಾಲು ಕಟ್ಟಿದ್ದರು. ಗಾಡಿಗಳನ್ನು ನಾನು ಮುಚ್ಚಿಸದಿದ್ದರೆ ಅವರಿಗೆ ಮೊಳೆ ಬೇಕಾಗುತ್ತಿರಲಿಲ್ಲ.

ಹಲಗೆ ನಾವೇ ಹಾಕಿಸಿದ್ದು ಅಂದ್ಬಿಡೋಣ, ಬಡಗಿ ಕೇಸು ತಾನಾಗಿ ತಣ್ಣಗಾಗುತ್ತೆ ಎಂದು ಅಧ್ಯಕ್ಷರು 1.30ಕ್ಕೆ ಸಲಹೆ ಕೊಟ್ಟರು. ಒಪ್ಪಲಿಲ್ಲ. ಒಪ್ಪುವ ಮನಸ್ಸು ಸ್ವಲ್ಪ ಹೊತ್ತು ಬಂದಿತ್ತು ಎಂಬುದನ್ನೂ ಬರೆಸುತ್ತಿದ್ದೇನೆ.

ಠಾಣೆಗೆ ಬಂದಾಗ ಬಡಗಿ ಮಾವ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಎಷ್ಟು ಏರ್ತು ಎಂದಷ್ಟೇ ಕೇಳಿದರು. ಐವತ್ತೊಂದು ಸೆಂಟಿಮೀಟರ್ ಎಂದೆ. ಗೇಣಲ್ಲಿ ಹೇಳಿ ಎಂದರು. ಎರಡೂಕಾಲು ಎಂದೆ. ಹಾಗಾದ್ರೆ ರಾತ್ರಿ ಉಬ್ಬರಕ್ಕೆ ಇನ್ನೆರಡು ಬೆರಳು ಜಾಸ್ತಿ ಎಂದರು. ನಾನು ತಂದಿದ್ದ ಹೊಸ ಅಂಗಿಯನ್ನು ಕೊಟ್ಟೆ. ಇದನ್ನ ಹರಿಯೋಕೆ ಮನಸ್ಸು ಬರಲ್ಲ ಮೇಡಂ, ಹಳೇದು ಯಾವುದಾದ್ರೂ ತನ್ನಿ ಎಂದರು.

ಹಲಗೆಗಳನ್ನು ಸಾಕ್ಷಿಯಾಗಿ ಜಪ್ತಿ ಮಾಡಲು ಸಂಜೆ 5ಕ್ಕೆ ಬರುವುದಾಗಿ ರೈಟರ್ ತಿಳಿಸಿದ್ದಾರೆ. ಮುಂದಿನ ಉಬ್ಬರ ರಾತ್ರಿ 12.17ಕ್ಕೆ. ಆದ್ದರಿಂದ ಹಲಗೆಗಳನ್ನೂ ಅಂಗಿಯ ಪಟ್ಟಿಗಳನ್ನೂ ಇದ್ದಲ್ಲೇ ಬಿಡಬೇಕೆಂದು, ಹಾಗೂ ಎಡಗಡೆ ಕೆಳಮೂಲೆಯನ್ನು ಬೆಳಕಿರುವಾಗಲೇ ಮುಚ್ಚಲು ಬಡಗಿಯನ್ನು ಕಳಿಸಿಕೊಡಬೇಕೆಂದು ಕೋರುತ್ತೇನೆ. ಅವರ ಮೇಲೆ ನನ್ನ ದೂರು ಇಲ್ಲ. ಗೋಡೆ ಒಡೆಸಿದ್ದು, ಗಾಡಿ ಮುಚ್ಚಿಸಿದ್ದು ನನ್ನ ಆದೇಶದಂತೆ.

ಇದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡಂತೆ, ಅಳೆದಂತೆ ಸರಿಯಿದೆ. ಬೆಳಿಗ್ಗೆಯೂ ಹೀಗೇ ಹೇಳಿ ಸಹಿ ಹಾಕಿದ್ದೆ. ಆದ್ದರಿಂದ ಈ ಸಲ ಅಳತೆಪುಸ್ತಕವನ್ನೂ ಜೊತೆಗಿಟ್ಟಿದ್ದೇನೆ.

ಸ್ಥಳ: ಬಂದರು ಪೊಲೀಸ್ ಠಾಣೆ
ದಿನಾಂಕ: 17, ಸಮಯ: ಸಂಜೆ 4.05
ಸಹಿ/- (ಬೆಳಗಿನ ದೂರುದಾರಳು)